ಕಾಲವೈಷಮ್ಯವೂ ವಿಶ್ವಾಸವೂ: ಕಟವಪ್ರದ ಪ್ರಥಮ ಶಾಸನದ ಪುನರ್ವಿಚಾರ

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಎಂದರೆ ಶಾಸನದ ಕಟವಪ್ರದಲ್ಲಿ, ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲೆ ಕೊರೆದಿರುವ, ಲಿಪಿಯ ಲಕ್ಷಣದಿಂದ ಸುಮಾರು ಕ್ರಿ. ಶ. ೬೦೦ರದೆಂದು ತಿಳಿಯಲಾಗಿರುವ ಸಂಸ್ಕೃತ ಗದ್ಯಶಾಸನವು, ಈ ನಾಡಿನ ಯಾವ ಶಿಲಾಲೇಖಕ್ಕೂ ಕಡಿಮೆಯಿಲ್ಲದಷ್ಟು ವಾಗ್ವಾದಕ್ಕೆ ಗುರಿಯಾಗಿದೆ. ಅದರಲ್ಲಿ ಶ್ರುತಕೇವಲಿ ಭದ್ರಬಾಹುವಿನ ಮತ್ತು ಮೌರ್ಯ ಚಂದ್ರಗುಪ್ತನ ಸ್ಮೃತಿ ಅಡಗಿದೆಯೆಂದು ಬಿ. ಎಲ್. ರೈಸರು ೧೮೮೯ರಲ್ಲಿ ಪ್ರತಿಪಾದಿಸಿದರು, ೧೮೯೨ರಲ್ಲಿ ಜೆ. ಎಫ್. ಫ್ಲೀಟರು ಅದನ್ನು ಬಲವಾಗಿ ಅಲ್ಲಗಳೆದು, ಶಾಸನದ ಗುರುಪರಂಪರೆಯಲ್ಲಿ ಒಬ್ಬ ಭದ್ರಬಾಹುವಿನ ಹೆಸರು ಬಂದುಹೋದ ಮೇಲೆ ಅನೇಕ ಆಚಾರ್ಯರನ್ನು ಎಣಿಸಿ ಅನಂತರವೇ ಭವಿಷ್ಯವನ್ನು ನುಡಿದ ಭದ್ರಬಾಹುಸ್ವಾಮಿಯನ್ನು ಹೇಳಿರುವುದರಿಂದ ಈತನು ಎರಡನೆಯವನೆಂದೂ, ಕಟವಪ್ರದಲ್ಲಿ ದೇಹವನ್ನು ಬಿಟ್ಟ ಪ್ರಭಾಚಂದ್ರನು ಪ್ರಭಾಚಂದ್ರನೇ ಹೊರತು ಚಂದ್ರಗುಪ್ತನಲ್ಲವೆಂದೂ ವಾದಿಸಿದರು. ೧೯೨೩ರ ಪರಿಷ್ಕೃತ ಸಂಪುಟದಲ್ಲಿ ಆರ್. ನರಸಿಂಹಾಚಾರ್ಯರು ಉಳಿದ ಶಾಸನಗಳ ಸಾಕ್ಷ್ಯವನ್ನೂ ಕೂಡಿಸಿಕೊಂಡು ಪರಂಪರೆಯ ಪಕ್ಷವನ್ನು ಹಿಡಿದರು. ಮೂವರ ಪಾಂಡಿತ್ಯಕ್ಕೂ ತಲೆಬಾಗುತ್ತಲೇ ಒಂದು ಮಾತನ್ನು ಹೇಳಬೇಕಾಗಿದೆ: ಕೇಡಿನ ಮುನ್ಸೂಚನೆಯ ಮೇಲೆ ದಕ್ಷಿಣಕ್ಕೆ ಬಂದ ಸಂಘದಲ್ಲಿದ್ದ ಅರಸನಾರೆಂದು ಇವರೆಲ್ಲರೂ ಕೇಳಿದರು, ಬಂದವರು ಯಾರನ್ನು ನಂಬಿ ಬಂದರೆಂದು ಯಾರೂ ಕೇಳಲಿಲ್ಲ.

ಫ್ಲೀಟರ ಪಾಠವಿಮರ್ಶೆಯಲ್ಲಿ ನನಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಶಾಸನವನ್ನು ಶಾಸನವಾಗಿ ಓದಿದರೆ ಅವರು ಹೇಳಿದಂತೆ ಇಬ್ಬರು ಭದ್ರಬಾಹುಗಳು ಕಾಣುವುದೇ ಸಹಜ. ಆದರೆ ಅಲ್ಲಿಂದ ಮುಂದುವರಿದು, ಉತ್ತರಕಾಲದ ಕಥೆಗಳು ಈ ವಿಚಾರಕ್ಕೆ ಯಾವ ಪ್ರಯೋಜನಕ್ಕೂ ಬಾರವೆಂಬ ಅವರ ಧೋರಣೆಯನ್ನು ಒಪ್ಪಲಾರೆ. ರಾಜನ ಗುರುತಿಗೆ ಅವು ದುರ್ಬಲಸಾಕ್ಷಿಗಳೆಂಬುದು ನಿಜ. ದೇವಚಂದ್ರನ ರಾಜಾವಳೀಕಥೆಯಂತೂ ಚಂದ್ರಗುಪ್ತನನ್ನು ಅಶೋಕನ ಮೊಮ್ಮಗನನ್ನಾಗಿ ಮಾಡಿದೆ. ಆದರೆ ನಾಡಿಗೆ ನಾಡೇ ಕುಸಿಯುವುದೆಂಬ ಮುನ್ಸೂಚನೆ ಬಂದಾಗ ಒಂದು ಸಮುದಾಯವು ಯಾರನ್ನು ನಂಬಬೇಕೆಂದು ಹೇಗೆ ನಿಶ್ಚಯಿಸಿತು, ಅಥವಾ ನಿಶ್ಚಯಿಸಿತೆಂದು ಆಮೇಲಿನವರು ಹೇಗೆ ನೆನೆದರು ಎಂಬುದಕ್ಕೆ ಅವುಗಳಿಗಿಂತ ಮೇಲಾದ ಸಾಮಗ್ರಿ ನಮ್ಮಲ್ಲಿಲ್ಲ.

ಸರ್ವಸಮ್ಮತವಾದ ಅಂಶಗಳನ್ನು ಬೇಗನೆ ದಾಟಬಹುದು. ಆ ಕೇಡಿಗೆ ಹೇಳುವ ಹನ್ನೆರಡು ವರ್ಷವೆಂಬುದು ಕಥೆಗಳ ರೂಢಿಯ ಸಂಖ್ಯೆ. ಮಹಾಭಾರತದ ಆಪದ್ಧರ್ಮಪರ್ವದಲ್ಲಿ ವಿಶ್ವಾಮಿತ್ರನು ಶ್ವಪಚನ ಮನೆಗೆ ನುಗ್ಗಿದ ಕ್ಷಾಮವೂ ಹನ್ನೆರಡು ವರ್ಷದ್ದೇ. ದಿಗಂಬರ ಶ್ವೇತಾಂಬರ ಪರಂಪರೆಗಳೆರಡೂ ಒಂದು ಮಹಾಕ್ಷಾಮವನ್ನು ಒಪ್ಪುತ್ತವೆ. ಸೋಹಗೌರದ ತಾಮ್ರಫಲಕವೂ ೧೯೩೧ರಲ್ಲಿ ದೊರೆತ ಮಹಾಸ್ಥಾನದ ಶಿಲಾಲೇಖವೂ ಆಪತ್ಕಾಲಕ್ಕಾಗಿ ಧಾನ್ಯವನ್ನು ಕೋಷ್ಠಾಗಾರದಲ್ಲಿ ಕೂಡಿಡುವ ವ್ಯವಸ್ಥೆಯನ್ನು ತಿಳಿಸುತ್ತವೆ. ಇವುಗಳನ್ನು ಜೈನ ಐತಿಹ್ಯದ ಕ್ಷಾಮಕ್ಕೆ ಗಂಟುಹಾಕುವ ಜಾಯಸ್ವಾಲರ ಊಹೆ ಆಕರ್ಷಕವಾದರೂ ಆ ಗಂಟು ಸಡಿಲವಾದುದು.

ಈಗ ಶಾಸನದ ಮಾತಿಗೆ ಬರೋಣ. ಮೊದಲು ಗಮನಿಸಬೇಕಾದುದು, ಅಲ್ಲಿ ‘ದುರ್ಭಿಕ್ಷ’ವೆಂಬ ಪದವಿಲ್ಲ, ಇರುವುದು ‘ಕಾಲವೈಷಮ್ಯ’. ಮಳೆ ಬಾರದಿರುವುದು, ಬೆಳೆ ಒಣಗುವುದು ಇವಿಷ್ಟೇ ಅಲ್ಲ, ಕಾಲವೇ ಏರುಪೇರಾಗಿ, ಮನೆಯವನು ಅತಿಥಿಗೆ, ಗುರುವು ಶಿಷ್ಯನಿಗೆ, ಒಡೆಯನು ಆಳಿಗೆ ಸಲ್ಲಿಸಬೇಕಾದುದು ಸಲ್ಲದೆ ಹೋಗುವ ಸ್ಥಿತಿಯನ್ನು ಈ ಪದವು ಒಳಗೊಳ್ಳಬಲ್ಲದು. ಎರಡನೆಯದಾಗಿ, ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹುಸ್ವಾಮಿ ಉಜ್ಜಯಿನಿಯಲ್ಲಿ ಇದನ್ನು ಅರಿತು ಹೇಳಿದನೆಂಬುದು ಸತಿಸಪ್ತಮಿಯಲ್ಲಿದೆ: ಅವನಿಂದ ಹೀಗೆ ಹೇಳಲ್ಪಡಲಾಗಿ, ‘ಸರ್ವ ಸಂಘ’ವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು. ಪ್ರಧಾನವಾಕ್ಯದ ಕರ್ತೃ ಸಂಘ, ಭದ್ರಬಾಹುವಲ್ಲ. ನುಡಿದವನು ನಡೆದನೇ ಎಂಬುದನ್ನು ಶಾಸನವು ಹೇಳುವುದಿಲ್ಲ. ವ್ಯಾಕರಣದ ಈ ಸಣ್ಣ ಸಂಗತಿಯನ್ನು ಫ್ಲೀಟರು ತಮ್ಮ ಪ್ರಯೋಜನಕ್ಕೆ ಬಳಸಿದರು. ನಾನು ಬೇರೆ ಪ್ರಯೋಜನಕ್ಕೆ ಬಳಸುತ್ತೇನೆ. ಅಪಾಯವನ್ನು ಕಾಣುವುದು ಒಂದು, ಅಪಾಯದಿಂದ ಪಾರುಮಾಡುವುದು ಇನ್ನೊಂದು. ಇವೆರಡನ್ನೂ ಒಂದೇ ವ್ಯಕ್ತಿಯ ಕೈಗೆ ಒಪ್ಪಿಸುವ ಅವಸರ ಈ ಶಾಸನಕಾರನಿಗಿಲ್ಲ.

ಮೂರನೆಯದು ಅವರು ಸೇರಿದ ನಾಡಿನ ವರ್ಣನೆ. ನೂರಾರು ಗ್ರಾಮಗಳಿಂದ ಕೂಡಿ, ಸಂತುಷ್ಟರಾದ ಜನರಿಂದಲೂ ಧನ ಕನಕ ಸಸ್ಯಗಳಿಂದಲೂ ಗೋವು ಎಮ್ಮೆ ಆಡು ಕುರಿಗಳ ಹಿಂಡುಗಳಿಂದಲೂ ತುಂಬಿದ ಜನಪದವದು. ಇದು ಜನಪದವರ್ಣನೆಯ ಸಿದ್ಧಸೂತ್ರವೆಂದು ಯಾರಾದರೂ ಹೇಳಬಹುದು, ಆಡುಕುರಿಗಳಿಂದ ನಿರ್ಗ್ರಂಥ ಮುನಿಗೆ ಆಗಬೇಕಾದುದಾದರೂ ಏನು ಎಂದು ನಗಲೂಬಹುದು. ಆದರೂ ಇಲ್ಲಿ ರಾಜನ ಹೆಸರಿಲ್ಲ, ಕೋಟೆಯಿಲ್ಲ, ದತ್ತಿಯಿಲ್ಲ ಎಂಬುದನ್ನು ಮರೆಯಬಾರದು. ದಿಗಂಬರ ಮುನಿ ಪಾಣಿಪಾತ್ರನು; ಅಂಗೈಯೇ ಅವನ ಬಟ್ಟಲು, ಹಗಲಿನ ಒಂದು ಹೊತ್ತೇ ಅವನ ಊಟ, ನಾಳೆಗೆಂದು ಒಂದು ಕಾಳನ್ನೂ ಇಟ್ಟುಕೊಳ್ಳುವಂತಿಲ್ಲ. ಮೌರ್ಯ ಅಧಿಕಾರಿಯಂತೆ ಅವನು ಕೋಷ್ಠಾಗಾರವನ್ನು ಕಟ್ಟಿಸಲಾರ. ಮುಂಬರುವ ಕೇಡಿಗೆ ಅವನು ಮಾಡಿಕೊಳ್ಳಬಹುದಾದ ಸಿದ್ಧತೆಯೆಲ್ಲ ಒಂದೇ: ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ಶ್ರಾವಕರ ಮನೆಗಳು ಎಲ್ಲಿವೆಯೆಂದು ತಿಳಿದುಕೊಳ್ಳುವುದು. ಆದಕಾರಣ ಈ ಸಮುದಾಯದ ವಿಷಯದಲ್ಲಿ ವಿಶ್ವಾಸದ ಪ್ರಶ್ನೆಯು ನೀತಿಯ ಪ್ರಶ್ನೆಯಾಗುವುದಕ್ಕೆ ಮೊದಲು ಅನ್ನದ ಪ್ರಶ್ನೆಯಾಗಿತ್ತು.

೧೯೦೯ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ದುರ್ಭಿಕ್ಷದಲ್ಲಿ ರಾಜನು ಮಾಡಬೇಕಾದುದನ್ನು ಹೇಳುವಾಗ ಬೀಜವನ್ನೂ ಅನ್ನವನ್ನೂ ಒದಗಿಸುವುದರೊಡನೆ ‘ದೇಶನಿಕ್ಷೇಪ’ವೆಂಬ ಉಪಾಯವನ್ನೂ ಎಣಿಸುತ್ತದೆ; ಬೆಳೆಯಿರುವ ಅನ್ಯದೇಶಕ್ಕೆ ಜನರೊಡನೆ ತೆರಳುವುದನ್ನೂ ಅಲ್ಲಿಯೇ ವಿಧಿಸುತ್ತದೆ. ನಿಕ್ಷೇಪವೆಂದರೆ ನಂಬಿ ಒಪ್ಪಿಸಿದ ಇಡುಗಂಟು. ನೆರೆಯವನಲ್ಲಿ ಒಡವೆಯನ್ನಿಡುವಂತೆ ದೇಶವನ್ನೇ ಇನ್ನೊಬ್ಬನಲ್ಲಿ ಇಡುವುದೆಂಬ ಈ ಕಲ್ಪನೆಯು ಸಂಘದ ಪ್ರಯಾಣಕ್ಕೂ ಹೊಂದುವುದೆಂದು ನನಗೆ ತೋರುತ್ತದೆ, ಸಂಘವು ಅರ್ಥಶಾಸ್ತ್ರವನ್ನು ಓದಿ ಹೊರಟಿತೆಂದು ಯಾರೂ ತಿಳಿಯಬಾರದಷ್ಟೆ.

ಇನ್ನು ವಿವಾದದ ತಿರುಳಾದ ‘ಸರ್ವ’ ಎಂಬ ವಿಶೇಷಣ. ಸಂಘವೆಲ್ಲವೂ ಹೊರಟಿತೆಂದು ಶಾಸನವು ಹೇಳುತ್ತದೆ. ಕಥೆಗಳಾದರೋ ಹಾಗೆ ಹೇಳುವುದಿಲ್ಲ. ಎ. ಎನ್. ಉಪಾಧ್ಯೆಯವರು ೧೯೪೩ರಲ್ಲಿ ಸಂಪಾದಿಸಿದ ಹರಿಷೇಣನ ಬೃಹತ್ಕಥಾಕೋಶದಲ್ಲಿ (ಕ್ರಿ. ಶ. ೯೩೧) ತೊಟ್ಟಿಲ ಕೂಸೊಂದು ಭಿಕ್ಷೆಗೆ ಬಂದ ಭದ್ರಬಾಹುವಿಗೆ ಬೇಗ ಹೊರಟುಹೋಗೆಂದು ನುಡಿಯುತ್ತದೆ, ಅದರಿಂದ ಅವನು ಕ್ಷಾಮವನ್ನು ಊಹಿಸುತ್ತಾನೆ, ತನ್ನ ಆಯುಷ್ಯವು ಅಲ್ಪವೆಂದು ತಾನು ಉಳಿದು ಸಂಘವನ್ನು ಕಳುಹಿಸುತ್ತಾನೆ, ಮುನಿಯಾದ ಚಂದ್ರಗುಪ್ತಿ ವಿಶಾಖಾಚಾರ್ಯನೆಂಬ ಹೆಸರಿನಿಂದ ಸಂಘವನ್ನು ಪುನ್ನಾಟಕ್ಕೆ, ಎಂದರೆ ನಮ್ಮ ಕಪಿಲಾತೀರದ ಸೀಮೆಗೆ, ಕರೆತರುತ್ತಾನೆ, ಬೇರೆ ಆಚಾರ್ಯರು ತಮ್ಮ ತಮ್ಮ ಗಣಗಳೊಡನೆ ಸಿಂಧುದೇಶಕ್ಕೆ ಹೋಗುತ್ತಾರೆ. ಅಲ್ಲಿ ಹಸಿದವರ ಕಾಟದಿಂದ ಮುನಿಗಳು ಇರುಳಿನಲ್ಲಿ ಪಾತ್ರೆ ಹಿಡಿದು ಭಿಕ್ಷೆಗೆ ಹೋಗಬೇಕಾಗುತ್ತದೆ. ಕತ್ತಲಲ್ಲಿ ನಗ್ನರೂಪವನ್ನು ಕಂಡು ಬೆಚ್ಚಿದ ಗರ್ಭಿಣಿಗೆ ಗರ್ಭಪಾತವಾಗುತ್ತದೆ. ಅಂದಿನಿಂದ ಅರ್ಧಫಾಲಕವೆಂಬ ತುಂಡುಬಟ್ಟೆ ಬಳಕೆಗೆ ಬರುತ್ತದೆ. ಈ ಅಪವಾದಗಳನ್ನು ಮುನಿಗಳು ಸ್ವೇಚ್ಛೆಯಿಂದ ಮಾಡಲಿಲ್ಲ, ಶ್ರಾವಕರೇ ಕೇಳಿಕೊಂಡರು ಎಂಬುದನ್ನು ಹರಿಷೇಣನು ಮುಚ್ಚಿಡುವುದಿಲ್ಲ. ಅವನ ದೃಷ್ಟಿಯಲ್ಲಿ ದೋಷವಿರುವುದು ಸುಭಿಕ್ಷ ಬಂದ ಮೇಲೂ ಕೆಲವರು ಅವನ್ನು ಬಿಡಲಿಲ್ಲವೆಂಬುದರಲ್ಲಿ.

ಶಾಸನದ ‘ಸರ್ವ’ಕ್ಕೂ ಕಥೆಯ ‘ಕೆಲವರಿ’ಗೂ ಇರುವ ಈ ಅಂತರವನ್ನು ಕಥೆಗಾರರ ಅತಿಶಯವೆಂದು ತಳ್ಳಿಹಾಕುವುದು ಸುಲಭ. ನನ್ನ ಅಭಿಪ್ರಾಯ ಬೇರೆ; ಅದನ್ನು ಸಂಕೋಚದಿಂದಲೇ ಮುಂದಿಡುತ್ತೇನೆ. ಆರುನೂರರ ಸುಮಾರಿನ ಶಾಸನಕಾರನಿಗೆ ವಿಶ್ವಾಸಾರ್ಹತೆಯ ಪ್ರಮಾಣವು ಪರಂಪರೆಯೊಂದೇ: ಗೌತಮನಿಂದ ಮೊದಲಾಗಿ ಹೆಸರುಗಳನ್ನು ಸರಪಣಿಯಾಗಿ ಪೋಣಿಸಿ, ಆ ಸರಪಣಿಯಲ್ಲಿರುವವರು ಹೊರಟರೆಂದ ಮೇಲೆ ಉಳಿದವರು ಸಂಘವೇ ಅಲ್ಲ, ಆದ್ದರಿಂದ ಹೊರಟದ್ದು ‘ಸರ್ವ’ ಸಂಘ. ಮೂರು ಶತಮಾನಗಳ ಅನಂತರ ಆ ಪ್ರಮಾಣವು ಸಾಲದೆ ಹೋಯಿತು. ಉಳಿದವರೂ ಅದೇ ಗುರುಗಳ ಹೆಸರನ್ನು ಹೇಳತೊಡಗಿದಾಗ, ಕರ್ಣಾಟಕದ ನೆಲದಲ್ಲಿಯೇ ಯಾಪನೀಯರು ನಗ್ನತ್ವವನ್ನೂ ಶ್ವೇತಾಂಬರರ ಕೆಲವು ಸಿದ್ಧಾಂತಗಳನ್ನೂ ಒಟ್ಟಿಗೆ ಹಿಡಿದು ರಾಜರಿಂದ ದತ್ತಿಗಳನ್ನು ಪಡೆಯುತ್ತಿದ್ದಾಗ, ಸರಪಣಿಯನ್ನು ತೋರಿಸಿದರೆ ವಾದ ಮುಗಿಯುತ್ತಿರಲಿಲ್ಲ. ಆಗ ಕಥೆಯು ಪ್ರಮಾಣವನ್ನು ವಂಶದಿಂದ ನಡತೆಗೆ ಸಾಗಿಸಿತು. ಹರಿಷೇಣನ ಕಥೆ ಕೊನೆಯಲ್ಲಿ ಯಾಪನಸಂಘದ ಹುಟ್ಟನ್ನು ಹೇಳಿ ಮುಗಿಯುವುದು ಈ ಊಹೆಗೆ ಪೋಷಕವಾಗಿದೆ.

ಆದರೆ ಇದು ಊಹೆ. ‘ಸರ್ವ’ ಎಂಬುದು ಬರಿಯ ಗೌರವವಾಚಕವಾಗಿರಬಹುದು. ಹರಿಷೇಣನಿಗಿಂತ ಹಿಂದೆಯೇ ಈ ಕಥೆ ಬಾಯಿಂದ ಬಾಯಿಗೆ ಸಾಗಿ, ಶಾಸನಕಾರನಿಗೂ ತಿಳಿದಿದ್ದು, ಕಲ್ಲಿನ ಮೇಲೆ ಒಡಕನ್ನು ಕೆತ್ತಿಸುವುದು ಬೇಡವೆಂದು ಅವನು ಬಿಟ್ಟಿರಬಹುದು. ಹಾಗಿದ್ದ ಪಕ್ಷದಲ್ಲಿ ಪ್ರಮಾಣವು ಬದಲಾಯಿತೆಂಬ ನನ್ನ ಮಾತು ಅರ್ಧ ಬಿದ್ದುಹೋಗುತ್ತದೆ. ಬಿದ್ದುಹೋಗದೆ ಉಳಿಯುವ ಅರ್ಧವೆಂದರೆ, ಕಥೆಗಳು ಎತ್ತಿದ ಪ್ರಶ್ನೆಯನ್ನು ಶಾಸನವು ಎತ್ತುವುದಿಲ್ಲ ಎಂಬುದು.

ಆ ಪ್ರಶ್ನೆಯು ಅತ್ಯಂತ ಸೂಕ್ಷ್ಮವಾಗುವುದು ಕನ್ನಡದ ಕಥನಪರಂಪರೆಯಲ್ಲಿ; ರಾಜಾವಳೀಕಥೆಯಲ್ಲಿ ಅದರ ವಿಸ್ತಾರವನ್ನು ಕಾಣಬಹುದು. ಇಲ್ಲಿ ಚಂದ್ರಗುಪ್ತನು ಸಂಘದ ಮುಂದಾಳಲ್ಲ; ಬೆಟ್ಟದಲ್ಲಿ ಗುರುವಿನ ಸೇವೆಗೆ ನಿಂತು, ಗುರು ಮಡಿದ ಮೇಲೆ ಅವನ ಪಾದಗಳನ್ನು ಪೂಜಿಸುತ್ತ ಒಬ್ಬನೇ ಉಳಿದವನು. ಕ್ಷಾಮ ಕಳೆದು ಹಿಂದಿರುಗಿದ ವಿಶಾಖಾಚಾರ್ಯನು, ಈ ಕಥೆಯಲ್ಲಿ ಬೇರೊಬ್ಬನು, ಅವನ ಬೆಳೆದ ಕೂದಲನ್ನು ಕಂಡು, ಜನರಿಲ್ಲದ ಕಾಡಿನಲ್ಲಿ ಈತನು ಗೆಡ್ಡೆಗೆಣಸು ತಿಂದು ವ್ರತಭ್ರಷ್ಟನಾಗಿರಬೇಕೆಂದು ಶಂಕಿಸಿ ವಂದನೆಯನ್ನು ಸ್ವೀಕರಿಸುವುದಿಲ್ಲ. ಉಪವಾಸವಿದ್ದ ಸಂಘವನ್ನು ಚಂದ್ರಗುಪ್ತನು ಹತ್ತಿರದ ಪಟ್ಟಣವೊಂದಕ್ಕೆ ಕರೆದೊಯ್ಯುತ್ತಾನೆ. ಎಲ್ಲರಿಗೂ ಯಥಾವಿಧಿ ಆಹಾರ ದೊರೆಯುತ್ತದೆ. ಮರೆತುಬಂದ ಗುಂಡಿಗೆಯನ್ನು, ಎಂದರೆ ನೀರಿನ ಪಾತ್ರೆಯನ್ನು, ತರಲು ಹೋದ ಬ್ರಹ್ಮಚಾರಿಗೆ ಪಟ್ಟಣವೇ ಕಾಣುವುದಿಲ್ಲ. ಗುಂಡಿಗೆ ಮರದ ಕೊಂಬೆಯಲ್ಲಿ ತೂಗಾಡುತ್ತಿದೆ. ಇಷ್ಟು ದಿನ ವನದೇವತೆಗಳು ಅವನಿಗೆ ಉಣಬಡಿಸಿದ್ದರೆಂದು ಆಗ ತಿಳಿಯುತ್ತದೆ.

ಇದನ್ನು ಪವಾಡವೆಂದು ಓದಿ ಮುಗಿಸುವವರು ಕಥೆಯ ತಿರುವನ್ನು ತಪ್ಪಿಸಿಕೊಳ್ಳುತ್ತಾರೆ. ಗುಂಡಿಗೆಯು ಮೊದಲು ಚಂದ್ರಗುಪ್ತನನ್ನು ನಿರ್ದೋಷಿಯೆಂದು ತೋರಿಸುತ್ತದೆ, ಅವನು ಗೆಡ್ಡೆ ತಿನ್ನಲಿಲ್ಲ. ಆದರೆ ದೇವತೆಗಳು ಕೊಟ್ಟ ಆಹಾರವು ಮುನಿಗೆ ಕಲ್ಪ್ಯವಲ್ಲ. ಆದ್ದರಿಂದ ಅವನು ಬೇರೊಂದು ಬಗೆಯಲ್ಲಿ ಸದೋಷನೇ, ಅಷ್ಟೇ ಅಲ್ಲ, ಅವನನ್ನು ಶಂಕಿಸಿದ ಸಂಘವೂ ಅದೇ ಅನ್ನವನ್ನು ಉಂಡಿದೆ. ಶಂಕಿಸಿದವನೂ ಶಂಕಿತನೂ ಒಂದೇ ಪ್ರಾಯಶ್ಚಿತ್ತಕ್ಕೆ ಒಳಗಾಗುತ್ತಾರೆ.

ಇದಕ್ಕೆ ಎದುರಾಗಿ ಕೌಟಿಲ್ಯನ ಉಪಾಯವನ್ನು ಇಟ್ಟು ನೋಡಬೇಕು. ಅಮಾತ್ಯರನ್ನು ಆರಿಸುವುದು ಹೇಗೆಂಬ ಚರ್ಚೆಯಲ್ಲಿ ಭಾರದ್ವಾಜನು ಸಹಪಾಠಿಗಳನ್ನು ಸೂಚಿಸುತ್ತಾನೆ. ಜೊತೆಯಲ್ಲಿ ಆಡಿದವರು ತಾತ್ಸಾರ ಮಾಡುವರೆಂದು ವಿಶಾಲಾಕ್ಷನು ಅದನ್ನು ಒಪ್ಪುವುದಿಲ್ಲ. ಪ್ರಾಣಾಪಾಯದಲ್ಲಿ ನೆರವಾದವರೇ ಲೇಸೆಂಬ ಪರಾಶರಪಕ್ಷಕ್ಕೆ, ಅದು ಭಕ್ತಿಯ ಗುರುತೇ ಹೊರತು ಬುದ್ಧಿಯ ಗುರುತಲ್ಲವೆಂದು ಪಿಶುನನ ಉತ್ತರ. ನೇಮಿಸಿದ ಮೇಲೆ ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ, ಎಂದರೆ ಗುಪ್ತವಾದ ಆಮಿಷಗಳಿಂದ, ಶೋಧಿಸಬೇಕು. ಒಂದು ಪರೀಕ್ಷೆಯಲ್ಲಿ ಶುದ್ಧನಾದವನು ಎಲ್ಲಕ್ಕೂ ಶುದ್ಧನಲ್ಲ. ಅರ್ಥೋಪಧೆಯಲ್ಲಿ ಗೆದ್ದವನಿಗೆ ಬೊಕ್ಕಸದ ಕೆಲಸ, ಭಯೋಪಧೆಯಲ್ಲಿ ಗೆದ್ದವನಿಗೆ ರಾಜನ ಸಮೀಪದ ಕೆಲಸ. ಇಷ್ಟನ್ನೂ ವಿಧಿಸಿದ ಕೌಟಿಲ್ಯನೇ, ಕೆಡದವನನ್ನು ಪರೀಕ್ಷೆಯಿಂದ ಕೆಡಿಸುವುದು ನೀರಿಗೆ ವಿಷ ಬೆರೆಸಿದಂತೆಂದು ಎಚ್ಚರಿಸುವುದು ಅವನ ಬುದ್ಧಿಯ ಹಿರಿಮೆ. ಅವನ ಪರೀಕ್ಷೆ ಕೇಡಿಗೆ ಮೊದಲು, ಕೃತಕವಾದ ಆಮಿಷದಿಂದ. ಜೈನಕಥೆಯ ಪರೀಕ್ಷೆ ಕೇಡು ಕಳೆದ ಮೇಲೆ, ನಡೆದುಹೋದ ಬಾಳಿನ ಮೇಲೆ. ಮೊದಲನೆಯದಕ್ಕೆ ರಾಜಶಕ್ತಿ ಬೇಕು. ಎರಡನೆಯದಕ್ಕೆ ಬೇಕಾದುದು ಆಲೋಚನೆ, ಎಂದರೆ ಗುರುವಿನ ಮುಂದೆ ತಪ್ಪನ್ನು ಒಪ್ಪಿಕೊಳ್ಳುವ ರೂಢಿ, ಮತ್ತು ಒಪ್ಪಿಕೊಂಡವನನ್ನು ಮರಳಿ ಸೇರಿಸಿಕೊಳ್ಳುವ ಸಂಘ.

ಉಳಿದವರ, ಎಂದರೆ ಶ್ವೇತಾಂಬರರ, ಪಕ್ಷದಿಂದ ಹೇಳಿದ ಕಥೆಯಲ್ಲಿ ಪಾತ್ರಗಳು ಅದಲುಬದಲಾಗಿವೆ. ಹನ್ನೆರಡನೆಯ ಶತಮಾನದ ಹೇಮಚಂದ್ರನ ಪರಿಶಿಷ್ಟಪರ್ವದಲ್ಲಿ ಕ್ಷಾಮಾನಂತರ ಪಾಟಲಿಪುತ್ರದಲ್ಲಿ ಸೇರಿದ ಸಂಘವು ಹನ್ನೊಂದು ಅಂಗಗಳನ್ನು ಕೂಡಿಸಿಕೊಳ್ಳುತ್ತದೆ. ಪೂರ್ವಗಳನ್ನೊಳಗೊಂಡ ಹನ್ನೆರಡನೆಯದನ್ನು ಬಲ್ಲವನು ನೇಪಾಳದಲ್ಲಿರುವ ಭದ್ರಬಾಹು ಒಬ್ಬನೇ. ಅವನು ಬರಲೊಪ್ಪದಿದ್ದಾಗ ಬಹಿಷ್ಕಾರದ ಮಾತನ್ನಾಡಿ ಸಂಘವೇ ಅವನನ್ನು ಮಣಿಸಬೇಕಾಗುತ್ತದೆ. ಕಲಿಯಲು ಹೋದ ಐನೂರು ಮಂದಿಯಲ್ಲಿ ಕೊನೆಯವರೆಗೆ ನಿಂತವನು ಸ್ಥೂಲಭದ್ರ. ಅವನೂ ತಂಗಿಯರ ಮುಂದೆ ಸಿಂಹದ ರೂಪವನ್ನು ತಾಳಿ ವಿದ್ಯೆಯನ್ನು ಮೆರೆಸಿದನೆಂದು, ಕಡೆಯ ನಾಲ್ಕು ಪೂರ್ವಗಳನ್ನು ಇನ್ನೊಬ್ಬರಿಗೆ ಹೇಳಿಕೊಡಬಾರದೆಂಬ ಕಟ್ಟಿನಿಂದ ಗುರುವು ಕಲಿಸುತ್ತಾನೆ. ಇಲ್ಲಿ ಶಂಕೆಗೆ ಗುರಿಯಾದವನು ದೂರ ಹೋದವನು. ಕಾಯಬೇಕಾದ ನಿಕ್ಷೇಪವು ಅನ್ನವಲ್ಲ, ಶ್ರುತ.

ಈ ಎರಡು ಶಂಕಾಕಥೆಗಳು ಒಂದೇ ಹಳೆಯ ಬೇರಿನಿಂದ ಕವಲೊಡೆದುವೋ, ಒಂದಕ್ಕೆ ಉತ್ತರವಾಗಿ ಇನ್ನೊಂದು ಹುಟ್ಟಿತೋ ಎಂಬುದನ್ನು ನಿರ್ಣಯಿಸದೆ ನನ್ನ ವಾದವು ಪೂರ್ತಿಯಾಗಲಾರದು. ಅದಕ್ಕೆ ಹರಿಷೇಣನನ್ನೂ, ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಸಂಪಾದಿಸಿಕೊಟ್ಟ ವಡ್ಡಾರಾಧನೆಯನ್ನೂ, ಶ್ವೇತಾಂಬರ ಚೂರ್ಣಿಗಳನ್ನೂ ಪ್ರಸಂಗ ಪ್ರಸಂಗವಾಗಿ ಎದುರುಬದುರು ಇಟ್ಟು ನೋಡಬೇಕು. ಪ್ರಾಕೃತದಲ್ಲಿ ನನಗಿಂತ ನುರಿತವರು ಅದನ್ನು ಕೈಗೊಳ್ಳಬೇಕು. ಶಾಸನದೊಳಗೇ ಬಿಡಿಸದೆ ಉಳಿದ ತೊಡಕೊಂದಿದೆ. ತನ್ನ ಆಯುಷ್ಯವು ಮುಗಿಯಿತೆಂದರಿತ ಆಚಾರ್ಯ ಪ್ರಭಾಚಂದ್ರನು ಸಂಘವನ್ನು ನಿರವಶೇಷವಾಗಿ ಬೀಳ್ಕೊಟ್ಟು, ಹುಲಿ ಕರಡಿ ಕಾಡುಹಂದಿಗಳಿಂದ ತುಂಬಿದ ಕಟವಪ್ರದಲ್ಲಿ ಒಬ್ಬನೇ ಶಿಷ್ಯನೊಡನೆ ನಿಲ್ಲುತ್ತಾನೆ. ಬದುಕಬೇಕಾದವರು ಹಳ್ಳಿಗಳಿರುವ ನಾಡಿಗೆ ಹೋದರು, ಸಾಯುವವನು ಕಾಡಿನ ಬೆಟ್ಟದಲ್ಲಿ ಉಳಿದನು. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅಲ್ಲಿ ಆರಾಧನೆಯನ್ನು ಸಾಧಿಸಿದರೆಂದು ಹೇಳುವ ಶಾಸನವು, ಅಂದು ಉಳಿದ ಆ ಒಬ್ಬ ಶಿಷ್ಯನ ಹೆಸರನ್ನು ಮಾತ್ರ ಹೇಳುವುದಿಲ್ಲ.