ಟರ್ಮಿನಲ್ ಬಣ್ಣವಿನ್ಯಾಸ

ಟರ್ಮಿನಲ್ ಬಣ್ಣವಿನ್ಯಾಸ ಎಂದರೆ ಗಣಕಯಂತ್ರದ ಆದೇಶ ಸಾಲಿನ ಕಿಟಕಿಯಲ್ಲಿ ಅಕ್ಷರ, ಹಿನ್ನೆಲೆ ಮತ್ತು ಕರ್ಸರ್‌ಗಳಿಗೆ ಬಳಕೆದಾರರು ಆಯ್ದುಕೊಳ್ಳುವ ಬಣ್ಣಗಳ ಗುಂಪು. ಇದು ಅಭಿರುಚಿಯ ವಿಷಯವಾಗಿರುವಂತೆಯೇ ಓದುವ ಅನುಕೂಲಕ್ಕೂ ಸಂಬಂಧಿಸಿದೆ.

ಇತಿಹಾಸ

1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ವಿಟಿ100 ಟರ್ಮಿನಲ್ ಏಕವರ್ಣದ್ದಾಗಿತ್ತು. ಅಂತಹ ಪರದೆಗಳಲ್ಲಿ ಗಾಜಿನ ಒಳಬದಿಯ ಫಾಸ್ಫರ್ ಲೇಪನವೇ ಅಕ್ಷರದ ಬಣ್ಣವನ್ನು ನಿರ್ಧರಿಸುತ್ತಿತ್ತು. ಹಸಿರು, ಕಂದುಹಳದಿ ಮತ್ತು ಬಿಳಿ ಪರದೆಗಳು ಬಳಕೆಯಲ್ಲಿದ್ದವು.

ಕಾರ್ಯವಿಧಾನ

ಆನ್ಸಿ ಸಂಕೇತಗಳ ಮೂಲ ಕ್ರಮದಲ್ಲಿ ತಂತ್ರಾಂಶವು ಟರ್ಮಿನಲ್‌ಗೆ ಬಣ್ಣದ ಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ. 30ರಿಂದ 37ರವರೆಗಿನ ಸಂಖ್ಯೆಗಳು ಅಕ್ಷರಗಳಿಗೂ 40ರಿಂದ 47ರವರೆಗಿನವು ಹಿನ್ನೆಲೆಗೂ ಮೀಸಲಾಗಿವೆ. ಉದಾಹರಣೆಗೆ, 31 ಕೆಂಪನ್ನೂ 34 ನೀಲಿಯನ್ನೂ ಸೂಚಿಸುತ್ತದೆ. ಆ ಸಂಖ್ಯೆಗೆ ಯಾವ ಛಾಯೆ ಎಂಬುದು ಟರ್ಮಿನಲ್‌ನ ಸಂಯೋಜನೆಯಲ್ಲಿರುವುದರಿಂದ ಬಳಕೆದಾರರು ಅದನ್ನು ಬದಲಿಸಬಹುದು. 24 ಬಿಟ್ ಕ್ರಮದಲ್ಲಿ 1,67,77,216 ಬಣ್ಣಗಳು ಲಭ್ಯವಿದ್ದರೂ ಛಾಯೆಯನ್ನು ತಂತ್ರಾಂಶವೇ ನೇರವಾಗಿ ಸೂಚಿಸುವ ಕಾರಣ ಬಳಕೆದಾರರ ಆಯ್ಕೆ ಅಲ್ಲಿ ಅನ್ವಯಿಸುವುದಿಲ್ಲ.

ಓದುವ ಅನುಕೂಲ

ಸಾಮಾನ್ಯ ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಪ್ರಕಾಶ ವ್ಯತ್ಯಾಸ ಇರಬೇಕೆಂದು ಜಾಲತಾಣಗಳ ಸುಲಭಗಮ್ಯತೆಯ ಮಾರ್ಗಸೂಚಿ ಹೇಳುತ್ತದೆ. ಕಪ್ಪಿನ ಮೇಲೆ ಶುದ್ಧ ನೀಲಿಯ ವ್ಯತ್ಯಾಸ ಸುಮಾರು 2.4:1 ಮಾತ್ರ. ಗಾಢ ನೀಲಿಯನ್ನು ಓದುವುದು ಕಷ್ಟವಾಗಿದ್ದರಿಂದ ಮೈಕ್ರೋಸಾಫ್ಟ್ 2017ರಲ್ಲಿ ವಿಂಡೋಸ್ ಕನ್ಸೋಲ್‌ನ ಮೂಲ ಬಣ್ಣಗಳನ್ನು ಪರಿಷ್ಕರಿಸಿತು. ಈಥನ್ ಸ್ಕೂನೋವರ್ 2011ರಲ್ಲಿ ಪ್ರಕಟಿಸಿದ ಸೋಲರೈಸ್ಡ್ ವಿನ್ಯಾಸವು ಒಂದೇ 16 ಬಣ್ಣಗಳಿಂದ ತಿಳಿ ಮತ್ತು ಗಾಢ ಹಿನ್ನೆಲೆಗಳೆರಡನ್ನೂ ರೂಪಿಸುತ್ತದೆ.

ಕೆಂಪು-ಹಸಿರು ವರ್ಣಾಂಧತೆ ಇರುವವರಿಗೆ ದೋಷವನ್ನು ಕೆಂಪಿನಿಂದಲೂ ಯಶಸ್ಸನ್ನು ಹಸಿರಿನಿಂದಲೂ ಮಾತ್ರ ಸೂಚಿಸಿದರೆ ವ್ಯತ್ಯಾಸ ತಿಳಿಯದೇ ಹೋಗಬಹುದು. ಗಿಟ್ ತಂತ್ರಾಂಶವು ಅಳಿಸಿದ ಮತ್ತು ಸೇರಿಸಿದ ಸಾಲುಗಳಿಗೆ ಬಣ್ಣದ ಜೊತೆಗೆ − ಮತ್ತು + ಚಿಹ್ನೆಗಳನ್ನೂ ತೋರಿಸುವುದರಿಂದ ಈ ತೊಡಕು ತಪ್ಪುತ್ತದೆ.