ಊರಿನ ಮಣ್ಣಿನ ಒಂದು ಜ್ವರದ ಚರಿತ್ರೆ

ಗುಫೂಲಿನ ನಮ್ಮ ಮನೆಗೆ ಬಂದಾಗಲೆಲ್ಲ ಸಂಘದ ಮಿತ್ರರೊಬ್ಬರು, "ಡಾಕ್ಟ್ರೇ, ರಜೆಗೆ ಊರಿಗೆ ಹೋಗಿ ಬಂದವರ ಜ್ವರದ ಬಗ್ಗೆ ಒಂದು ಲೇಖನ ಕೊಡಿ" ಎನ್ನುತ್ತಿದ್ದರು. ಮಲೇರಿಯಾ, ಇಲಿಜ್ವರ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಮೆಲಿಯಾಯ್ಡೋಸಿಸ್‌ನ ಕಥೆಯನ್ನು ಇಲ್ಲಿ ಹೇಳುತ್ತೇನೆ.

1911ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಅವರ ಸಹಾಯಕರಾದ ಸಿ. ಎಸ್. ಕೃಷ್ಣಸ್ವಾಮಿ ಶವಪರೀಕ್ಷೆ ಮಾಡುತ್ತಿದ್ದಾಗ ಕೆಲವು ಶವಗಳ ಶ್ವಾಸಕೋಶ, ಯಕೃತ್ತು, ಗುಲ್ಮಗಳಲ್ಲಿ ಕೀವುಗಂಟುಗಳು ಕಂಡವು. ಸತ್ತವರಲ್ಲಿ ಹೆಚ್ಚಿನವರು ಮಾರ್ಫಿಯಾ ಚುಚ್ಚಿಕೊಳ್ಳುತ್ತಿದ್ದ ಬಡವರು. ನೋಡಲು ಕುದುರೆಗಳ ಗ್ಲ್ಯಾಂಡರ್ಸ್ ರೋಗದ ಹಾಗೆಯೇ ಇತ್ತು. ಆದರೆ ಗ್ಲ್ಯಾಂಡರ್ಸ್ ರೋಗಾಣು ಸೂಕ್ಷ್ಮದರ್ಶಕದಡಿ ನಿಶ್ಚಲ; ಇದು ಈಜುತ್ತಿತ್ತು. ಹೊಸ ರೋಗವೆನ್ನಲು ಅದೂ ಒಂದು ಆಧಾರ. 1912ರ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಬಂತು. ಮುಂದೆ ಕಾಯಿಲೆಗೆ ಅಂಟಿಕೊಂಡದ್ದು ಮಾತ್ರ ವಿಟ್‌ಮೋರರ ಹೆಸರು. ಕೃಷ್ಣಸ್ವಾಮಿಯವರದಲ್ಲ!

ನಮ್ಮ ಎಂ.ಬಿ.ಬಿ.ಎಸ್. ಪಾಠದಲ್ಲಿ ರೋಗಾಣು ಓಡಾಡುವುದೆಂದರೆ ತನ್ನ ಬಾಲ ಬೀಸಿಕೊಂಡು, ಅಷ್ಟೆ. ಜೀವಕೋಶದೊಳಗೆ ನಡೆಯುವುದು ಬೇರೆಯೇ. 1942ರಲ್ಲಿ ಹಂಗೇರಿಯ ಬ್ರೂನೊ ಸ್ಟ್ರಾಬ್ ಸ್ನಾಯುವಿನಲ್ಲಿ ಆಕ್ಟಿನ್ ಎಂಬ ಪ್ರೋಟೀನನ್ನು ಗುರುತಿಸಿದ್ದರು. ನಮ್ಮ ಪ್ರತಿಯೊಂದು ಕೋಶಕ್ಕೂ ಆಕಾರ ಕೊಡುವ ತೊಲೆ-ಜಂತಿ ಅದೇ. 1989ರಲ್ಲಿ ಅಮೆರಿಕದ ಟಿಲ್ನಿ ಮತ್ತು ಪೋರ್ಟ್‌ನಾಯ್, ಲಿಸ್ಟೀರಿಯಾ ಎಂಬ ರೋಗಾಣು ಈ ಆಕ್ಟಿನನ್ನೇ ತನ್ನ ಹಿಂದೆ ಧೂಮಕೇತುವಿನ ಬಾಲದಂತೆ ಕಟ್ಟಿಸಿಕೊಂಡು, ಅದರ ನೂಕುಬಲದಿಂದ ಪಕ್ಕದ ಕೋಶಕ್ಕೆ ದಾಟುವುದನ್ನು ತೋರಿಸಿಕೊಟ್ಟರು. ಮನೆ ಯಜಮಾನನ ಮರದಲ್ಲೇ ಏಣಿ ಮಾಡಿಕೊಂಡ ಕಳ್ಳನಂತೆ! ಹೊರಗೆ ಬರುವುದೇ ಬೇಡವಾದ್ದರಿಂದ ರಕ್ತದ ಪ್ರತಿಕಾಯಗಳ ಕೈಗೂ ಸಿಗುವುದಿಲ್ಲ. ಆಮಶಂಕೆಯ ಶಿಗೆಲ್ಲಾದ್ದೂ ಇದೇ ಉಪಾಯ. ಮೆಲಿಯಾಯ್ಡೋಸಿಸ್ ರೋಗಾಣುವಿನಲ್ಲಿ ಈ ಕೆಲಸ ಮಾಡಿಸುವ ಬಿಮ್-ಎ ಎಂಬ ಪ್ರೋಟೀನು 2005ರಲ್ಲಿ ಪತ್ತೆಯಾಯಿತು. ಸ್ವಾರಸ್ಯವೆಂದರೆ, ಗಾಜಿನ ಮೇಲೆ ನಿಶ್ಚಲವಾಗಿರುವ ಗ್ಲ್ಯಾಂಡರ್ಸ್ ರೋಗಾಣು ಕೂಡ ಕೋಶದೊಳಗೆ ಹೀಗೆಯೇ ಓಡುತ್ತದೆ.

ಮೆಲಿಯಾಯ್ಡೋಸಿಸ್ ರೋಗಾಣು ಅಕ್ಕಪಕ್ಕದ ಕೋಶಗಳನ್ನು ಬೆಸೆದು ದೈತ್ಯಕೋಶಗಳನ್ನೂ ಮಾಡುತ್ತದೆ. ಕ್ಷಯದ ಗಂಟಿನಲ್ಲೂ ದೈತ್ಯಕೋಶಗಳಿರುತ್ತವೆ. ಎಡವುವುದು ಇಲ್ಲಿಯೇ.

ತೊಂಬತ್ತರ ದಶಕದಲ್ಲಿ ನಾನು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಸಕ್ಕರೆ ಕಾಯಿಲೆಯಿದ್ದ ರೈತರೊಬ್ಬರು ನಾಟಿ ಮುಗಿಸಿ ಜ್ವರವೆಂದು ದಾಖಲಾದರು. ಗುಲ್ಮದಲ್ಲಿ ಕೀವು. ಕಲ್ಚರಿನಲ್ಲಿ ಬೆಳೆದದ್ದನ್ನು 'ಹೊರಗಿನಿಂದ ಸೇರಿದ್ದು' ಎಂದು ಬದಿಗಿಟ್ಟು, ಕ್ಷಯದ ಮಾತ್ರೆ ಕೊಟ್ಟೆವು. ಹದಿನೆಂಟನೇ ದಿನ ತೀರಿಕೊಂಡರು. ಕೇಸ್‌ಶೀಟಿನಲ್ಲಿ ನನ್ನ ಸಹಿಯೂ ಇದೆ. ಮುಂದೆ ಹೊರದೇಶದಲ್ಲಿ ರೆಸಿಡೆನ್ಸಿ ಮಾಡುವಾಗ ಅಂಥದ್ದೇ ಒಂದು ರಿಪೋರ್ಟನ್ನು ಹಿರಿಯ ವೈದ್ಯರು ಬದಿಗಿಡಲು ಬಿಡಲಿಲ್ಲ. ಆಗ ನನಗೆ ಆ ರೈತರ ಮುಖ ನೆನಪಾಯಿತು.

ಈಗ ಮಣಿಪಾಲದ ವೈದ್ಯರು ಉಡುಪಿಯ ಸುತ್ತಮುತ್ತಲಿನ ಅನೇಕ ರೋಗಿಗಳಲ್ಲಿ ಇದನ್ನು ಗುರುತಿಸಿ ವರದಿ ಮಾಡಿದ್ದಾರೆ. ಮಳೆಗಾಲ, ಕೆಸರು, ಸಕ್ಕರೆ ಕಾಯಿಲೆ ಮೂರೂ ಕೂಡಿದಲ್ಲಿ ಅಪಾಯ ಹೆಚ್ಚು. ಔಷಧವಿದೆ: ಮೊದಲು ಕನಿಷ್ಠ ಹತ್ತು-ಹದಿನಾಲ್ಕು ದಿನ ಸೆಫ್ಟಜಿಡೀಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್, ಆಮೇಲೆ ಮೂರು ತಿಂಗಳ ಮಾತ್ರೆ. ನಡುವೆ ಬಿಟ್ಟರೆ ಮರುಕಳಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದ ಅಮೆರಿಕನ್ ಸೈನಿಕನೊಬ್ಬನಲ್ಲಿ ಇದು 62 ವರ್ಷ ಅಡಗಿದ್ದು ಕಾಣಿಸಿಕೊಂಡಿತಂತೆ. ಹಾಗಾಗಿ ಊರು ಬಿಟ್ಟು ವರ್ಷವಾಯಿತೆಂದು ಸುಮ್ಮನಿರುವಂತಿಲ್ಲ.

ನಮ್ಮವರು ಯಾರೇ ಜ್ವರವೆಂದು ಬಂದರೂ ನಾನು ಮೊದಲು ಕೇಳುವುದು, "ಶುಗರ್ ಎಷ್ಟಿದೆ? ಊರಿನಲ್ಲಿ ಗದ್ದೆಗೆ ಇಳಿದಿದ್ದಿರಾ?" ಎಂದು. ಕೆಲವರು ನಗುತ್ತಾರೆ.