ಸಗರನಾಡಿನ ಖಾನಗಿ ಶಾಲೆಗಳು

ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಯ ಪ್ರಾಥಮಿಕ ಶಿಕ್ಷಣದ ಚರಿತ್ರೆಯನ್ನು ಸರ್ಕಾರಿ ಶಾಲೆಗಳಿಂದ ಆರಂಭಿಸುವುದು ವಾಡಿಕೆಯಾದರೂ, ಸಗರನಾಡೆನಿಸಿದ ಈ ಭಾಗದಲ್ಲಿ ಕನ್ನಡ ಓದುಬರಹವನ್ನು ಬಹುಕಾಲ ಉಳಿಸಿಕೊಂಡು ಬಂದದ್ದು ಊರವರೇ ಸಾಕಿದ ಪುಟ್ಟ ಖಾನಗಿ, ಎಂದರೆ ಖಾಸಗಿ, ಶಾಲೆಗಳು.

ಇವುಗಳಲ್ಲಿ ಹಳೆಯದು ಗಾಂವಟಿ ಶಾಲೆ. ಮಠದಲ್ಲೋ ಗುಡಿಯ ಪೌಳಿಯಲ್ಲೋ ಉಳ್ಳವರ ಪಡಸಾಲೆಯಲ್ಲೋ ಒಬ್ಬನೇ ಶಿಕ್ಷಕ ನಡೆಸುತ್ತಿದ್ದ ಈ ಶಾಲೆಗೆ ನಿಗದಿಯಾದ ತರಗತಿಗಳಾಗಲಿ ಪರೀಕ್ಷೆಯಾಗಲಿ ಇರಲಿಲ್ಲ. ಐಗಳು ಎಂದು ಕರೆಸಿಕೊಳ್ಳುತ್ತಿದ್ದ ಶಿಕ್ಷಕರಿಗೆ ಸುಗ್ಗಿಯಲ್ಲಿ ಜೋಳ, ಹಬ್ಬದಲ್ಲಿ ದಕ್ಷಿಣೆ ಸಲ್ಲುತ್ತಿತ್ತು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಸವಾ (ಒಂದೂಕಾಲು), ದೀಡ (ಒಂದೂವರೆ), ಅಡೀಚ (ಎರಡೂವರೆ) ಎಂಬ ಭಿನ್ನರಾಶಿಗಳ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ಅಂಗಡಿಯ ಲೆಕ್ಕಕ್ಕೂ ಹೊಲದ ಹಂಚಿಕೆಗೂ ಇದು ನೇರವಾಗಿ ಒದಗುತ್ತಿತ್ತು. ಆದರೆ ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಇದರ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತೆಂಬುದನ್ನು ಮರೆತು ಈ ಶಾಲೆಯನ್ನು ಕೊಂಡಾಡುವುದು ನ್ಯಾಯವಲ್ಲ.

1858ರಲ್ಲಿ ರಾಜಾ ವೆಂಕಟಪ್ಪನಾಯಕನ ಬಂಡಾಯ ಸೋತು, ಎರಡು ವರ್ಷಗಳ ಬಳಿಕ ಸುರಪುರ ಸಂಸ್ಥಾನವು ಹೈದರಾಬಾದಿನ ನಿಜಾಮರ ವಶವಾದಾಗ, ಅರಮನೆಯ ಆಶ್ರಯವೂ ಇಲ್ಲಿನ ವಿದ್ಯೆಗೆ ತಪ್ಪಿತು. ಮುಂದೆ ಉರ್ದು ಆಡಳಿತ ಭಾಷೆಯಾಗಿ, 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದ ಮೇಲೆ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಗೆ ಒಂದಿಷ್ಟು ಎಡೆಯಿದ್ದರೂ ಮೇಲಿನ ಓದಿಗೂ ನೌಕರಿಗೂ ಉರ್ದುವೇ ದಾರಿಯಾಯಿತು. 1920ರ ದಶಕದಲ್ಲಿ ಖಾನಗಿ ಶಾಲೆ ತೆರೆಯಲು ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಗಿ, ಹೈದರಾಬಾದು ಸಂಸ್ಥಾನದಾದ್ಯಂತ ಅನೇಕ ಶಾಲೆಗಳು ಮುಚ್ಚಿದವು. ಕಲಬುರಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಈ ಕಾಲದಲ್ಲಿ ಇಡೀ ಪ್ರದೇಶಕ್ಕೆ ಆಸರೆಯಾದವು. ಎರಡೂ ಊರುಗಳ ನಡುವಣ ರೈಲುಮಾರ್ಗದಲ್ಲಿದ್ದ ಯಾದಗಿರಿಗೆ ಅವು ತಲುಪಬಹುದಾದ ದೂರದಲ್ಲಿದ್ದರೆ, ರೈಲಿಲ್ಲದ ಶಹಾಪುರ, ಸುರಪುರಗಳಿಗೆ ಅಷ್ಟು ಸುಲಭವಾಗಿರಲಿಲ್ಲ.

1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸರ್ಕಾರಿ ಕನ್ನಡ ಶಾಲೆಗಳು ಹಳ್ಳಿಹಳ್ಳಿಗೂ ಹರಡಿದವು, ಗಾಂವಟಿ ಶಾಲೆಗಳು ಕಣ್ಮರೆಯಾದವು. ಈಗಿನ ಮಾದರಿಯ ಸಣ್ಣ ಖಾಸಗಿ ಶಾಲೆಗಳು ಹೆಚ್ಚಿದ್ದು ಆನಂತರದ ದಶಕಗಳಲ್ಲಿ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು ಶಹಾಪುರ, ಸುರಪುರಗಳ ಹೊಲಗಳಿಗೆ ಕಾಲುವೆ ನೀರು ಹರಿದು, ಭತ್ತ ಬೆಳೆದ ಕುಟುಂಬಗಳ ಕೈಯಲ್ಲಿ ಹಣವಾಡಿದ್ದು ಈ ಬೆಳವಣಿಗೆಗೆ ದೊಡ್ಡ ಒತ್ತಾಸೆಯಾಗಿರಬೇಕು. ಬಾಡಿಗೆ ಮನೆಯಲ್ಲಿ ಆರಂಭವಾಗಿ, ಕಡಿಮೆ ಸಂಬಳದ ಸ್ಥಳೀಯ ಶಿಕ್ಷಕಿಯರನ್ನೇ ನಂಬಿ ನಡೆಯುವ ಇಂಥ ಶಾಲೆಗಳನ್ನು ಬರಿಯ ವ್ಯಾಪಾರವೆಂದು ತಳ್ಳಿಹಾಕುವುದು ಸರಿಯಲ್ಲ. ತಾವು ಓದದ ತಂದೆತಾಯಿಗಳು ಮಕ್ಕಳಿಗಾಗಿ ದುಡಿಮೆಯ ಪಾಲನ್ನು ಶುಲ್ಕವಾಗಿ ತೆತ್ತ ಕಥೆಯೂ ಅವುಗಳಲ್ಲಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ. 51.83, ರಾಜ್ಯದಲ್ಲೇ ಕನಿಷ್ಠ, ಎಂಬುದನ್ನು ನೆನೆದರೆ ಆ ತ್ಯಾಗದ ತೂಕ ತಿಳಿಯುತ್ತದೆ.

ಆದರೆ ಈ ಶಾಲೆಗಳು ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದತ್ತ ವಾಲಿವೆ. ಮಾತೃಭಾಷಾ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಸರ್ಕಾರ ಹೇರಲಾಗದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ಈ ಒಲವಿಗೆ ಕಾನೂನಿನ ತಡೆಯೂ ಇಲ್ಲವಾಯಿತು. ನಿಜಾಮರ ಕಾಲದಲ್ಲಿ ಖಾನಗಿ ಶಾಲೆ ಹೊತ್ತಿದ್ದ ಕನ್ನಡದ ಹೊಣೆ ಇಂದು ಈ ಮೂರು ತಾಲ್ಲೂಕುಗಳಲ್ಲಿ ಬಹುಪಾಲು ಸರ್ಕಾರಿ ಶಾಲೆಗಳ ಪಾಲಿಗೆ ಬಂದಿದೆ.